ಜಿಂಕೆ ಹೊಡೆಯಲು ಅನುಮತಿ ಕೇಳಿದ ಊರು: ಎಚ್.ಡಿ. ಕೋಟೆ ಕಾಡಂಚಿನ ಒಂದು ಪ್ರಕರಣ

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ನಾಗರಹೊಳೆ ಕಾಡಿಗೆ ಅಂಟಿಕೊಂಡಂತೆ ಇರುವ ಊರು ಇದು. ಹೆಸರು ಬೇಡ. ಈ ಬರಹದಲ್ಲಿ ಉರುಳು ಹಾಕಿದವರ ವಿಷಯ ಬರುತ್ತದೆ, ಬಂದೂಕು ಕೊಡಿ ಎಂದು ಕೇಳಿದವರ ವಿಷಯವೂ ಬರುತ್ತದೆ. ಅವರೆಲ್ಲ ಇವತ್ತೂ ಅಲ್ಲೇ ಬದುಕುತ್ತಿದ್ದಾರೆ. ಹಾಗಾಗಿ ಜನರ ಗುರುತು, ಹೊಲದ ದಿಕ್ಕು, ನಡೆದ ವರ್ಷ ಬಿಟ್ಟಿದ್ದೇನೆ. ನಾನು ಹತ್ತಿರದ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಜಿಂಕೆ ಹೊಡೆಯಲು ಅನುಮತಿ ಕೇಳುವ ಅರ್ಜಿ ಬರೆದುಕೊಡಿ ಎಂದು ಊರಿನವರು ಕರೆದಿದ್ದರು. ಆ ಅರ್ಜಿಯ ಸುತ್ತ ನಡೆದದ್ದೇ ಈ ಪ್ರಕರಣ.

ಹಿನ್ನೆಲೆ

ಊರಿನ ಹಳೆಯ ಬೇಸಾಯ ಮಳೆಯನ್ನೇ ನಂಬಿತ್ತು. ಹತ್ತಿ, ರಾಗಿ, ಸಾಲಿನಲ್ಲಿ ಅವರೆ, ಹಿಂಗಾರಿಗೆ ಹುರುಳಿ. ಸಂಕ್ರಾಂತಿ ಕಳೆದರೆ ಹೊಲದಲ್ಲಿ ಕೂಳೆ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಆಮೇಲೆ ಕೊಳವೆಬಾವಿಗಳು ಬಂದವು. ಬಾಳೆ, ಶುಂಠಿ, ಮುಸುಕಿನ ಜೋಳ, ಹಸುವಿಗೆ ಸೀಮೆಹುಲ್ಲು. ಮಾರ್ಚ್‌ನಲ್ಲೂ ಏಪ್ರಿಲ್‌ನಲ್ಲೂ ಅಲ್ಲಲ್ಲಿ ಹಸಿರು ಕಾಣತೊಡಗಿತು.

ಇದೇ ಹೊತ್ತಿಗೆ ಇನ್ನೊಂದು ಬದಲಾವಣೆ ಆಯಿತು. ಕೆಲವು ಮನೆಯವರು ಮೈಸೂರಿಗೆ ಹೋದರು. ಕೆಲವರು ಕೊಡಗಿನ ತೋಟಗಳಿಗೆ, ಕೇರಳದ ಕಡೆ ಕೂಲಿಗೆ ಹೋದರು. ಅವರ ಹೊಲ ಬೀಳು ಬಿತ್ತು. ಬೀಳು ಬಿದ್ದ ಹೊಲವನ್ನು ಲಂಟಾನ ಹಿಡಿಯಿತು. ಮೂರು ನಾಲ್ಕು ವರ್ಷದಲ್ಲಿ ಆಳೆತ್ತರದ ಪೊದೆ, ಒಳಗೆ ಒಬ್ಬ ಮನುಷ್ಯ ನಿಂತರೂ ಕಾಣದಷ್ಟು.

ಕಾಡಿನ ಕಥೆಯನ್ನೂ ಒಂದು ಮಾತು ಹೇಳಬೇಕು. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನ, 1999ರಲ್ಲಿ ಹುಲಿ ಯೋಜನೆಯ ವ್ಯಾಪ್ತಿಗೆ ಬಂತು. ಅಲ್ಲಿ ಚುಕ್ಕೆ ಜಿಂಕೆಗೆ ಬೇಕಾದದ್ದೆಲ್ಲ ಇದೆ. ಹಡ್ಲುಗಳ, ಅಂದರೆ ಕಾಡೊಳಗಿನ ಜೌಗು ಬಯಲುಗಳ, ಹುಲ್ಲಿದೆ, 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ಹಿನ್ನೀರಿದೆ. ಬೇಸಿಗೆಯಲ್ಲಿ ನೀರು ಇಳಿದ ಕಡೆ ಎಳೆ ಹುಲ್ಲು ಏಳುತ್ತದೆ. ಆದರೆ ಮರದ ಕೆಳಗಿನ ಹುಲ್ಲಿನ ಜಾಗವನ್ನು ಅಲ್ಲೂ ಲಂಟಾನ ತಿನ್ನುತ್ತಾ ಬಂದಿದೆ.

ತೊಂದರೆ

ಜಿಂಕೆ ಆನೆಯ ಹಾಗೆ ಒಂದೇ ರಾತ್ರಿಯಲ್ಲಿ ಹೊಲ ಮುಗಿಸುವುದಿಲ್ಲ. ದಿನಾ ಬರುತ್ತದೆ, ದಿನಾ ಸ್ವಲ್ಪ ತಿನ್ನುತ್ತದೆ. ಅವರೆಯ ಕುಡಿ, ಹತ್ತಿಯ ಎಳೆ ಸಸಿ, ಹಾಲುಗಾಳು ಕಟ್ಟಿದ ರಾಗಿ ತೆನೆ, ಹುರುಳಿಯ ಚಿಗುರು. ಕುಡಿ ಹೋದ ಅವರೆ ಗಿಡ ಬದುಕುತ್ತದೆ, ಕಾಯಿ ಮಾತ್ರ ಬಿಡುವುದಿಲ್ಲ. ಆನೆ ತುಳಿದರೆ ಹೆಜ್ಜೆ ಇರುತ್ತದೆ, ಫೋಟೋ ತೆಗೆದು ಪರಿಹಾರಕ್ಕೆ ಅರ್ಜಿ ಹಾಕಬಹುದು. ಚಿವುಟಿದ ಕುಡಿಯನ್ನು ಯಾರಿಗೆ ತೋರಿಸುವುದು? ಸಣ್ಣ ಹಿಡುವಳಿಯ ರೈತನಿಗೆ ಈ ಮೆಲ್ಲನೆಯ ನಷ್ಟ ಆನೆಯ ನಷ್ಟಕ್ಕಿಂತ ಕಡಿಮೆ ಏನಲ್ಲ. ಇದನ್ನು ಹೊರಗಿನವರು ಜಾಸ್ತಿ ಗಮನಿಸುವುದೇ ಇಲ್ಲ. ಜಿಂಕೆ ನೋಡಲು ಚೆಂದ, ಅಲ್ವಾ? ಸಫಾರಿಗೆ ಬಂದವರು ಸಾಲಾಗಿ ನಿಂತ ಹಿಂಡಿನ ಫೋಟೋ ತೆಗೆಯುತ್ತಾರೆ. ಅದೇ ಹಿಂಡು ಸಂಜೆ ಹುರುಳಿ ಹೊಲದಲ್ಲಿದ್ದರೆ ಆ ಮನೆಯ ಹೆಂಗಸಿಗೆ ಕಣ್ಣಲ್ಲಿ ನೀರು ಬರುತ್ತದೆ.

ಮೊದಲು ಎಲ್ಲರೂ ಮಾಡುವುದನ್ನೇ ಊರಿನವರೂ ಮಾಡಿದರು. ಅಟ್ಟಣೆ ಕಟ್ಟಿ ಕಾವಲು ಕಾದರು. ತಮಟೆ ಬಡಿದರು, ಪಟಾಕಿ ಹೊಡೆದರು. ಹೊಲದ ಸುತ್ತ ಹಳೆ ಸೀರೆ ಕಟ್ಟಿದರು. ಸೀರೆಗೆ ಜಿಂಕೆ ಕೆಲವು ದಿನ ಹೆದರಿತು, ಆಮೇಲೆ ಅದರ ಸೆರಗಿನಡಿಯಲ್ಲೇ ತೂರಿ ಬಂತು. ಆನೆಗೆಂದು ಹಾಕಿದ ಸೋಲಾರ್ ತಂತಿಯೂ ಜಿಂಕೆಯನ್ನು ತಡೆಯಲಿಲ್ಲ. ಆನೆ ಕಂದಕದ ಮಣ್ಣು ಕುಸಿದ ಕಡೆಯೆಲ್ಲ ಜಿಂಕೆ ದಾರಿ ಮಾಡಿಕೊಂಡಿತ್ತು.

ಉರುಳು

ಮೊದಲ ತಿರುವು ಬಂದದ್ದು ಇಲ್ಲಿ. ಯಾರೋ ಬೇಲಿಯ ಸಂದಿಯಲ್ಲಿ ಬೈಕಿನ ಕ್ಲಚ್ ವೈರಿನ ಉರುಳು ಹಾಕಿದರು. ಯಾರು ಅನ್ನುವುದು ಊರಿಗೆ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಒಂದೆರಡು ಜಿಂಕೆ ಸಿಕ್ಕಿದ್ದೂ ಹೌದು. ಆಮೇಲೆ ಒಂದು ಬೆಳಿಗ್ಗೆ ಚಿರತೆ ಸಿಕ್ಕಿಕೊಂಡಿತ್ತು. ವೈರು ಸೊಂಟಕ್ಕೆ ಬಿಗಿದಿತ್ತು. ಅರಣ್ಯದವರು, ಪಶುವೈದ್ಯರು ಬಂದು ಅರಿವಳಿಕೆ ಕೊಟ್ಟು ಬಿಡಿಸಿದರು. ಒಳಗಿನ ಗಾಯಕ್ಕೆ ಅದು ಉಳಿಯಲಿಲ್ಲ.

ಊರಲ್ಲಿ ಕೆಲವರಿಗೆ ನಿರಾಳವಾಯಿತು. ಅದನ್ನು ತಪ್ಪು ಅಂತ ನಾನು ಹೇಳುವುದಿಲ್ಲ. 2022ರ ಕೊನೆ ಮತ್ತು 2023ರ ಶುರುವಿನಲ್ಲಿ ನಮ್ಮದೇ ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಸತ್ತಿದ್ದಾರೆ. ಮಗುವನ್ನು ಹೊಲದ ದಾರಿಯಲ್ಲಿ ಶಾಲೆಗೆ ಕಳಿಸುವ ತಾಯಿಗೆ ಚಿರತೆಯ ಮಹತ್ವ ಹೇಳಲು ಹೋಗುವುದು ಸರಿಯಲ್ಲ.

ಆದರೆ ಜಿಂಕೆಯ ಲೆಕ್ಕದಲ್ಲಿ ಈ ಸಾವಿಗೆ ಏನರ್ಥ ಅನ್ನುವುದನ್ನು ನೋಡಲೇಬೇಕು. ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ ನಾಗರಹೊಳೆಯಲ್ಲೇ ಮಾಡಿ 1995ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹುಲಿ, ಚಿರತೆ, ಸೀಳುನಾಯಿ ಯಾವ ಯಾವ ಗಾತ್ರದ ಪ್ರಾಣಿ ಹಿಡಿಯುತ್ತವೆ ಎಂದು ಅವರು ನೋಡಿದರು. ಹುಲಿಯ ಬೇಟೆಯ ಸರಾಸರಿ ತೂಕ ಸುಮಾರು 92 ಕೆ.ಜಿ. ಬಂತು. ಅದು ಕಾಟಿ, ಕಡವೆಯಂಥ ದೊಡ್ಡ ಪ್ರಾಣಿಗಳ ಕಡೆ ವಾಲುತ್ತದೆ. ಸೀಳುನಾಯಿಯ ಬೇಟೆಯದು ಸುಮಾರು 43 ಕೆ.ಜಿ., ಚಿರತೆಯದು 38. ಚುಕ್ಕೆ ಜಿಂಕೆಯ ಹೆಣ್ಣು, ಬೆಳೆಯುತ್ತಿರುವ ಮರಿ ಬೀಳುವುದು ಈ ಅಳತೆಯ ಆಸುಪಾಸಿನಲ್ಲೇ. ಸೀಳುನಾಯಿ ಹಗಲು ಬೇಟೆಯ ಪ್ರಾಣಿ, ಜನ ಓಡಾಡುವ ಹೊಲಗಳಿಗೆ ಬರುವುದು ಅಪರೂಪ. ಅಂದರೆ ಊರಂಚಿನಲ್ಲಿ ಜಿಂಕೆಗೆ ಇದ್ದ ಮುಖ್ಯ ಭಯ ಚಿರತೆ. ಉರುಳಿಗೆ ಬಿದ್ದದ್ದು ಅದು.

ಚಿರತೆ ತಿಂದ ಜಿಂಕೆಗಳ ಲೆಕ್ಕವಷ್ಟೇ ಅಲ್ಲ ಇಲ್ಲಿರುವುದು. ಬೇಟೆಗಾರ ಪ್ರಾಣಿ ಸುಳಿಯುವ ಕಡೆ ಜಿಂಕೆ ಒಂದು ಬಾಯಿ ತಿಂದು ತಲೆ ಎತ್ತುತ್ತದೆ, ಒಂದೇ ಕಡೆ ನಿಲ್ಲುವುದಿಲ್ಲ. ಭಯ ಇಲ್ಲದ ಕಡೆ ತಲೆ ಬಗ್ಗಿಸಿ ಹೊಟ್ಟೆ ತುಂಬುವವರೆಗೆ ತಿನ್ನುತ್ತದೆ. ಚಿರತೆ ಸತ್ತ ಮೇಲಿನ ಬೇಸಿಗೆಯಲ್ಲಿ ಜಿಂಕೆಗಳು ಕಾಡಿಗೆ ವಾಪಸ್ ಹೋಗುವುದನ್ನೇ ಬಿಟ್ಟವು. ಹಗಲು ಬೀಳು ಹೊಲದ ಲಂಟಾನದಲ್ಲಿ ಮಲಗಿ, ಕತ್ತಲಾದ ಮೇಲೆ ಪಕ್ಕದ ಜೋಳಕ್ಕೆ ಬರುತ್ತಿದ್ದವು.

ಅರ್ಜಿ

ಸಿಟ್ಟು ಏರಿದ್ದು ಆಗ. ಒಬ್ಬ ಯುವಕ ಫೋನಿನಲ್ಲಿ ವಿಡಿಯೊ ತೋರಿಸಿದ. "ನೋಡಿ ಮೇಷ್ಟ್ರೆ, ಅಮೆರಿಕದಲ್ಲಿ ಸರ್ಕಾರನೇ ಲೈಸೆನ್ಸ್ ಕೊಡ್ತದೆ. ವರ್ಷಕ್ಕೆ ಇಷ್ಟು ಅಂತ ಹೊಡೀಬಹುದು. ನಮಗೂ ಹಂಗೇ ಕೊಡ್ಲಿ." ಊರಿನ ಹಿರಿಯರೊಬ್ಬರು ಅವನ ಮಾತಿಗೆ ಸೇರಿಸಿದರು. "ನಮ್ಮಪ್ಪನ ಕಾಲದಲ್ಲಿ ನಾಡ ಬಂದೂಕು ಇತ್ತು. ಆಗ ಇಷ್ಟು ಜಿಂಕೆ ಎಲ್ಲಿತ್ತು?"

ಎರಡೂ ಮಾತಿನಲ್ಲಿ ಹುರುಳಿದೆ. ಕಾನೂನಿನಲ್ಲೂ ಬಾಗಿಲು ಪೂರ್ತಿ ಮುಚ್ಚಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಂ ಬೇಟೆಯನ್ನು ನಿಷೇಧಿಸುತ್ತದೆ. 11ನೇ ಕಲಂ ಕೆಲವು ಸಂದರ್ಭಕ್ಕೆ ಅವಕಾಶ ಇಟ್ಟಿದೆ. ಅತಿ ಹೆಚ್ಚು ರಕ್ಷಣೆಯ ಪಟ್ಟಿಯಾದ ಒಂದನೇ ಅನುಸೂಚಿಯಲ್ಲಿ ಇಲ್ಲದ ಪ್ರಾಣಿ ನಿಂತ ಬೆಳೆಗೆ ಅಪಾಯವಾದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣ ಬರೆದು ಲಿಖಿತ ಅನುಮತಿ ಕೊಡಬಹುದು. ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದೊಳಗೆ ಬೇಟೆಯಾಡಿದರಂತೂ ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಅರ್ಜಿ ಬರೆಯುವುದಕ್ಕೆ ನನ್ನದೇನೂ ಅಡ್ಡಿ ಇರಲಿಲ್ಲ. ಅರ್ಜಿಯಲ್ಲಿ ಎಷ್ಟು ಜಿಂಕೆ ಎಂದು ಬರೆಯಬೇಕು, ಗಂಡೋ ಹೆಣ್ಣೋ, ಯಾವ ತಿಂಗಳು ಅನ್ನುವುದನ್ನು ನೀವೇ ಹೇಳಿ ಎಂದು ಕೇಳಿದೆ. ಕೊಂಬಿನ ದೊಡ್ಡ ಗಂಡುಗಳನ್ನು ಹೊಡೆದರೆ ಸಾಕು ಎಂದರು ಎಲ್ಲರೂ. ಮರಿ ಹಾಕುವ ಹೆಣ್ಣನ್ನು ಹೊಡೆಯಲು ಯಾರಿಗೂ ಮನಸ್ಸಿರಲಿಲ್ಲ.

ಅರಳಿಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿದೆವು. ಇದು ಎಣಿಸಿದ ಲೆಕ್ಕವಲ್ಲ, ಉದಾಹರಣೆಗೆ ಇಟ್ಟುಕೊಂಡದ್ದು. 40 ಬಲಿತ ಹೆಣ್ಣು, 15 ಗಂಡು ಇವೆ ಅನ್ನೋಣ. ಚುಕ್ಕೆ ಜಿಂಕೆ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ವರ್ಷಕ್ಕೆ 40 ಮರಿ. ಚಿರತೆ, ಸೀಳುನಾಯಿ, ಬೇಸಿಗೆ, ರೋಗ ಎಲ್ಲ ಸೇರಿ ಅರ್ಧ ಹೋದರೆ ಉಳಿದದ್ದು 20. ಬಲಿತವುಗಳಲ್ಲಿ 8 ಸತ್ತರೆ ಹಿಂಡು ವರ್ಷಕ್ಕೆ 12 ಬೆಳೆಯಿತು. ಈಗ 10 ಗಂಡು ಹೊಡೆಯಿರಿ. ಉಳಿದ 5 ಗಂಡು 40 ಹೆಣ್ಣಿಗೂ ಸಾಕು. ಮುಂದಿನ ವರ್ಷ ಮತ್ತೆ 40 ಮರಿಯೇ ಹುಟ್ಟುತ್ತವೆ. ಅದರ ಬದಲು 10 ಹೆಣ್ಣು ಹೊಡೆದರೆ ಮರಿ 30ಕ್ಕೆ ಇಳಿಯುತ್ತದೆ. ಅಮೆರಿಕದ ರಾಜ್ಯಗಳು ಕೊಂಬಿರುವ ಜಿಂಕೆಗೆ ಬೇರೆ, ಕೊಂಬಿಲ್ಲದ್ದಕ್ಕೆ ಬೇರೆ ಪರವಾನಗಿ ಕೊಡುವುದು ಇದೇ ಕಾರಣಕ್ಕೆ. ಸಂಖ್ಯೆ ಇಳಿಸಬೇಕೆಂದರೆ ಹೆಣ್ಣಿನ ಪರವಾನಗಿ ಹೆಚ್ಚಿಸುತ್ತಾರೆ, ಬೆಳೆಸಬೇಕೆಂದರೆ ಕಡಿಮೆ ಮಾಡುತ್ತಾರೆ. ಅಲ್ಲಿ ಬಹುಪಾಲು ಪ್ರದೇಶದಲ್ಲಿ ತೋಳ, ಪ್ಯೂಮಾಗಳನ್ನು ಹಿಂದೆಯೇ ಕೊಂದು ಮುಗಿಸಿದ್ದರಿಂದ ಆ ಕೆಲಸವನ್ನು ಈಗ ಮನುಷ್ಯರೇ ವರ್ಷ ವರ್ಷ ಮಾಡಬೇಕಾಗಿದೆ.

ಇನ್ನೂ ಒಂದು ತೊಡಕು. ಚುಕ್ಕೆ ಜಿಂಕೆಗೆ ಒಂದೇ ಗಟ್ಟಿಯಾದ ಮರಿಯ ಕಾಲ ಇಲ್ಲ. ವರ್ಷದ ಯಾವ ತಿಂಗಳಲ್ಲಾದರೂ ಎಳೆ ಮರಿ ಹುಲ್ಲಲ್ಲಿ ಅಡಗಿ ಮಲಗಿರಬಹುದು. ತಾಯಿಯನ್ನು ಹೊಡೆದರೆ ಅದು ಅಲ್ಲೇ ಹಸಿದು ಸಾಯುತ್ತದೆ. ಇದನ್ನು ಹೇಳಿದಾಗ ಕಟ್ಟೆಯ ಮೇಲೆ ಮಾತು ನಿಂತಿತು.

ಹಿರಿಯರ ಮಾತಿಗೂ ಉತ್ತರ ಬೇಕಿತ್ತು. ಅವರ ತಂದೆಯ ಕಾಲದಲ್ಲಿ ಜಿಂಕೆ ಕಡಿಮೆ ಇದ್ದದ್ದು ನಿಜ. ಮಿತಿಯೇ ಇಲ್ಲದೆ, ಗಂಡು ಹೆಣ್ಣು ನೋಡದೆ, ವರ್ಷವಿಡೀ ಹೊಡೆದರೆ ಕಾಡು ಖಾಲಿಯಾಗುತ್ತದೆ. ಜೊತೆಗೆ ದನಗಳಿಂದ ಕಾಡಿಗೆ ಹರಡುವ ರೋಗಗಳಿದ್ದವು. 1968ರಲ್ಲಿ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂಡೀಪುರ, ಮುದುಮಲೈ ಕಡೆಯ ಕಾಟಿಗಳನ್ನು ಹಿಂಡು ಹಿಂಡಾಗಿ ಕೊಂದಿತ್ತು. ಆ ರೋಗ ಜಗತ್ತಿನಿಂದಲೇ ಹೋಯಿತು ಎಂದು ಘೋಷಿಸಿದ್ದು 2011ರಲ್ಲಿ. ಆದರೆ ಕಾಡು ಖಾಲಿಯಾದರೆ ಹುಲಿಗೆ ಊಟ ಎಲ್ಲಿ? ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿ ಬೇಕು. ಆ ಐವತ್ತು ಪ್ರತಿ ವರ್ಷ ಸಿಗುತ್ತಿರಬೇಕಾದರೆ ಕಾಡಿನಲ್ಲಿ ಸುಮಾರು 500 ಇರಬೇಕು. ಅವು ಇಲ್ಲವಾದರೆ ಹುಲಿ ಬರುವುದು ಕೊಟ್ಟಿಗೆಗೆ.

ಹಾಡಿಯಿಂದ ಬಂದ ಮಾತು

ಅರ್ಜಿಯ ಕರಡು ಅರ್ಧಕ್ಕೆ ನಿಂತದ್ದು ನನ್ನ ಲೆಕ್ಕದಿಂದ ಅಲ್ಲ. ಆ ಸಭೆಗೆ ಹತ್ತಿರದ ಹಾಡಿಯ, ಅಂದರೆ ಆದಿವಾಸಿಗಳ ಊರಿನ, ಜೇನುಕುರುಬ ಹಿರಿಯರೊಬ್ಬರು ಬಂದಿದ್ದರು. ಕಾಡಿನಲ್ಲಿ ವಾಚರ್ ಆಗಿ ಬಹಳ ಕಾಲ ದುಡಿದವರು. ಅಷ್ಟು ಹೊತ್ತು ಸುಮ್ಮನೆ ಕೂತಿದ್ದವರು ಒಂದೇ ಮಾತು ಹೇಳಿದರು. "ಬ್ಯಾಸಿಗೇಲಿ ಕಾಡಿನ್ ಜಿಂಕೆಗೆ ಪಕ್ಕೆ ಮೂಳೆ ಕಾಣ್ತದೆ ಸಾ. ನಿಮ್ಮೂರ್ ಜಿಂಕೆಗೆ ಕಾಣಲ್ಲ."

ಈ ಪ್ರಕರಣದ ತಿರುಳು ಇರುವುದು ಈ ಮಾತಿನಲ್ಲಿ ಎಂದು ನಾನು ನಂಬುತ್ತೇನೆ.

ಜಿಂಕೆಯ ಸಂಖ್ಯೆಯನ್ನು ವರ್ಷದ ಒಳ್ಳೆಯ ತಿಂಗಳುಗಳು ತೀರ್ಮಾನಿಸುವುದಿಲ್ಲ. ತೀರ್ಮಾನ ಆಗುವುದು ಬರಗಾಲದ ತಿಂಗಳುಗಳಲ್ಲಿ. ನಮ್ಮ ಕಾಡಿಗೆ ಅದು ಫೆಬ್ರವರಿಯಿಂದ ಮೊದಲ ಮಳೆಯವರೆಗೆ. ಹುಲ್ಲು ಒಣಗುತ್ತದೆ, ನೀರು ದೂರವಾಗುತ್ತದೆ, ತಾಯಿ ಬಡಕಲಾಗುತ್ತದೆ, ಹಾಲು ಇಳಿಯುತ್ತದೆ, ಕೆಲವು ಮರಿ ಉಳಿಯುವುದಿಲ್ಲ. ಬಡಕಲಾದದ್ದು ಬೇಗ ಸೀಳುನಾಯಿಗೆ ಸಿಗುತ್ತದೆ. ಹಿಂಡು ದೊಡ್ಡದಾದಷ್ಟೂ ಒಬ್ಬೊಬ್ಬರ ಪಾಲಿನ ಹುಲ್ಲು ಕಡಿಮೆ, ಹಾಗಾಗಿ ಸಾವು ಜಾಸ್ತಿ. ಹಿಂಡು ಸಣ್ಣದಾದರೆ ಪಾಲು ಹೆಚ್ಚು, ಉಳಿಯುವ ಮರಿಗಳೂ ಹೆಚ್ಚು. ಹತ್ತನ್ನು ಹೊಡೆದರೆ ಅವುಗಳ ಪಾಲಿನ ಮೇವು ಉಳಿದವುಗಳಿಗೆ ಸಿಕ್ಕಿ, ಖಾಲಿಯಾದ ಜಾಗದಲ್ಲಿ ಒಂದಿಷ್ಟು ಮತ್ತೆ ತುಂಬುವುದು ಇದರಿಂದಲೇ.

ಹಸಿವಿನ ಈ ಅಂಕೆ, ಅಂದರೆ ಕಡಿವಾಣ, ಎಷ್ಟು ಬಲವಾದದ್ದು ಎಂಬುದಕ್ಕೆ ಅಲಾಸ್ಕಾದ ಸೇಂಟ್ ಮ್ಯಾಥ್ಯೂ ದ್ವೀಪದ ಹಿಮಸಾರಂಗಗಳ ಕಥೆ ಸಾಕು. 1944ರಲ್ಲಿ ಅಲ್ಲಿ 29 ಬಿಟ್ಟರು. ಬೇಟೆಗಾರ ಪ್ರಾಣಿ ಇರಲಿಲ್ಲ. 1963ಕ್ಕೆ ಸುಮಾರು 6,000 ಆದವು. ಮೇವು ಸವೆದಿತ್ತು. ಮುಂದಿನ ಚಳಿಗಾಲ ಕಠೋರವಾಗಿ ಬಂತು. 1966ರಲ್ಲಿ ಎಣಿಸಿದಾಗ ಉಳಿದದ್ದು 42. ನಮ್ಮ ಚುಕ್ಕೆ ಜಿಂಕೆಯನ್ನೇ 1868ರಲ್ಲಿ ಹವಾಯಿಯ ಮೊಲೊಕಾಯ್ ದ್ವೀಪಕ್ಕೆ ಒಯ್ದಿದ್ದರು. ಅಲ್ಲಿ ಹುಲಿ, ಚಿರತೆ ಇಲ್ಲ. ಬೇಟೆಗೆ ಅವಕಾಶ ಇದ್ದರೂ ಇವತ್ತಿಗೂ ಅಲ್ಲಿನ ರೈತರು ಜಿಂಕೆಯೊಂದಿಗೆ ಹೆಣಗುತ್ತಿದ್ದಾರೆ. ಬರ ಬಂದಾಗ ಅಲ್ಲಿ ಜಿಂಕೆಗಳು ಹಸಿವಿನಿಂದ ಸತ್ತು ಬಿದ್ದಿವೆ.

ಊರಿನವರು ಏನು ಮಾಡಿದ್ದರು? ಏಪ್ರಿಲ್‌ನಲ್ಲಿ ಜೋಳ, ಸೀಮೆಹುಲ್ಲು ಬೆಳೆದು ಹಸಿವನ್ನು ತೆಗೆದರು. ಉರುಳಿನಿಂದ ಚಿರತೆಯನ್ನು ತೆಗೆದರು. ಬೀಳು ಹೊಲದಲ್ಲಿ ಮರಿ ಹಾಕಲು ಮರೆ ಕೊಟ್ಟರು. ಯಾರೂ ಬೇಕೆಂದು ಮಾಡಿದ್ದಲ್ಲ. ಆದರೆ ಜಿಂಕೆಯನ್ನು ಹಿಡಿತದಲ್ಲಿಡುವ ಮೂರು ಅಂಕೆಗಳೂ ಒಂದೇ ಊರಿನಲ್ಲಿ ಒಟ್ಟಿಗೆ ಸಡಿಲವಾದವು. ಸೀಮೆಸುಣ್ಣದ ಲೆಕ್ಕವನ್ನೇ ಮತ್ತೆ ಮಾಡಿದೆವು. ಬೇಸಿಗೆಯ ಮೇವಿನಿಂದ 20 ಮರಿಯ ಬದಲು 28 ಉಳಿದರೆ, ಬಲಿತವು 8ರ ಬದಲು 4 ಸತ್ತರೆ, ಹಿಂಡು ವರ್ಷಕ್ಕೆ 12 ಅಲ್ಲ, 24 ಬೆಳೆಯುತ್ತದೆ. ಬಂದೂಕು 10 ತೆಗೆದರೂ ನಮ್ಮ ಹೊಲಗಳು 12 ಹೆಚ್ಚಿಗೆ ಕೊಟ್ಟವು. ವಿಡಿಯೊ ತೋರಿಸಿದ್ದ ಯುವಕನೇ ಈ ಕೊನೆಯ ಕಳೆಯುವ ಲೆಕ್ಕ ಮಾಡಿದ್ದು. ಸಹಿ ಹಾಕಲು ತಂದಿದ್ದ ಪೆನ್ನನ್ನು ಜೇಬಿಗೆ ಹಾಕಿಕೊಂಡು, "ಹಂಗಾರೆ ಮೊದ್ಲು ಜೋಳ ನೋಡ್ಬೇಕು" ಅಂದ.

ಆಮೇಲೆ ನಡೆದದ್ದು

ಅರ್ಜಿಯನ್ನು ಹರಿಯಲಿಲ್ಲ, ಒಂದು ವರ್ಷ ಮುಂದಕ್ಕೆ ಹಾಕಿದರು. ಅದು ಒಳ್ಳೆಯ ತೀರ್ಮಾನ. ಬೇಡವೇ ಬೇಡ ಎಂದಿದ್ದರೆ ಅರ್ಧ ಊರು ಎದ್ದು ಹೋಗುತ್ತಿತ್ತು.

ಬೇಸಿಗೆ ಹಸಿರನ್ನು ಬಿಡುವುದಕ್ಕೆ ಯಾರೂ ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. ಹಾಲು ಮಾರುವ ಮನೆಗೆ ಹುಲ್ಲು ಬೇಕೇ ಬೇಕು. ಆದರೆ ಚದುರಿದ್ದ ಹಸಿರನ್ನು ಒಂದು ಕಡೆ ತರಬಹುದಿತ್ತು. ನೀರು ಜಾಸ್ತಿ ಇದ್ದ ಎರಡು ಕೊಳವೆಬಾವಿಗಳ ಸುತ್ತ, ಊರಿಗೆ ಹತ್ತಿರದಲ್ಲಿ, ಬೇಸಿಗೆಯ ಜೋಳ ಮತ್ತು ಸೀಮೆಹುಲ್ಲನ್ನು ಒಟ್ಟಿಗೆ ಬೆಳೆದು ಸುತ್ತ ಒಂದೇ ಜಾಲರಿ ಬೇಲಿ ಹಾಕಿದರು. ಜಾಲರಿಯ ಬುಡವನ್ನು ಮಣ್ಣಲ್ಲಿ ಹೂತರು. ಹಾರುವುದಕ್ಕಿಂತ ಕೆಳಗೆ ನುಸುಳುವುದೇ ಜಿಂಕೆಗೆ ಸುಲಭ. ಒಬ್ಬೊಬ್ಬರ ಹೊಲಕ್ಕೆ ಬೇರೆ ಬೇರೆ ಬೇಲಿಯ ಖರ್ಚು ಯಾರಿಗೂ ಆಗದು. ಒಟ್ಟಿಗೆ ಹಾಕಿದಾಗ ಹೊರ ಅಂಚು ಮಾತ್ರ ಸಾಕಾಯಿತು. ನೀರಿನ ಸರದಿಯ ಬಗ್ಗೆ ಆದ ಜಗಳ ಜಿಂಕೆಯ ಜಗಳಕ್ಕಿಂತ ದೊಡ್ಡದಾಗಿತ್ತು. ಅದನ್ನು ಬಗೆಹರಿಸಿದ್ದು ಸ್ವಸಹಾಯ ಸಂಘದ ಹೆಂಗಸರು, ವಾರದ ಸರದಿಯನ್ನು ಗೋಡೆಯ ಮೇಲೆ ಬರೆಸಿ.

ಬೀಳು ಹೊಲ ಕಷ್ಟದ ಕೆಲಸ. ಮಾಲೀಕರಲ್ಲಿ ಇಬ್ಬರು ಮೈಸೂರಿನಲ್ಲಿದ್ದರು. ಲಂಟಾನ ಕಿತ್ತುಕೊಡುತ್ತೇವೆ, ಎರಡು ವರ್ಷ ಹುರುಳಿ ಬೆಳೆದುಕೊಳ್ಳುತ್ತೇವೆ, ಗೇಣಿ ಹಕ್ಕು ಕೇಳುವುದಿಲ್ಲ ಎಂದು ಊರಿನವರು ಕಾಗದದ ಮೇಲೆ ಬರೆದುಕೊಟ್ಟ ಮೇಲೆ ಒಬ್ಬರು ಒಪ್ಪಿದರು. ಇನ್ನೊಬ್ಬರು ಒಪ್ಪಲಿಲ್ಲ. ಕಿತ್ತ ಕಡೆ ಬೇರು ಸಮೇತ ತೆಗೆಯದಿದ್ದರೆ ಲಂಟಾನ ಮತ್ತೆ ಚಿಗುರುತ್ತದೆ, ಆ ಕೆಲಸ ಇನ್ನೂ ಮುಗಿದಿಲ್ಲ.

ಉರುಳಿನ ವಿಷಯಕ್ಕೆ ಊರಿನ ಹಿರಿಯರೇ ಮುಂದೆ ನಿಂತರು. ಬೇಲಿಯ ಉದ್ದಕ್ಕೂ ನಡೆದು ಸಿಕ್ಕ ವೈರುಗಳನ್ನು ತೆಗೆದರು. ಯಾರನ್ನೂ ಹೆಸರಿಡಿದು ಬೈಯಲಿಲ್ಲ. ಕರೆಂಟ್ ಲೈನಿನಿಂದ ನೇರ ತಂತಿ ಎಳೆಯುವ ಮಾತು ಎತ್ತಿದವನಿಗೆ ಮಾತ್ರ ಗಟ್ಟಿಯಾಗಿ ಹೇಳಿದರು: ಅದು ಜಿಂಕೆ ಯಾವುದು, ಹಸು ಯಾವುದು, ರಾತ್ರಿ ನೀರು ಕಟ್ಟಲು ಹೋದ ಮಗ ಯಾರು ಅಂತ ನೋಡಲ್ಲ ಕಣಪ್ಪ.

ಮೊದಲ ಬೇಸಿಗೆಯಲ್ಲಿ ಜಾಲರಿಯ ಒಳಗಿನ ಬೆಳೆ ಉಳಿಯಿತು. ಹೊರಗಿನ ಹಾನಿ ಇನ್ನೂ ಹೆಚ್ಚಾಯಿತು, ಹಸಿದ ಹಿಂಡು ಸಿಕ್ಕಿದ್ದಕ್ಕೆ ಬಾಯಿ ಹಾಕಿತು. ಆಗ ಅರ್ಜಿಯ ಮಾತು ಮತ್ತೆ ಬಂತು. ಆ ತಿಂಗಳು ಊರು ತಾಳಿಕೊಂಡಿದ್ದೇ ಈ ಪ್ರಕರಣದ ಎರಡನೇ ತಿರುವು. ಎರಡನೇ ಬೇಸಿಗೆಯ ಹೊತ್ತಿಗೆ, ಲಂಟಾನ ಕಿತ್ತ ಕಡೆ ಹಗಲು ಜಿಂಕೆ ಮಲಗುವುದು ನಿಂತಿತ್ತು. ಬರುತ್ತಿದ್ದ ಹಿಂಡುಗಳು ಸಣ್ಣವಾಗಿದ್ದವು, ಕತ್ತಲಲ್ಲಿ ಬಂದು ಬೆಳಗಾಗುವ ಮೊದಲು ಕಾಡಿಗೆ ಮರಳುತ್ತಿದ್ದವು. ಅವರೆ ಮತ್ತು ಹುರುಳಿಯನ್ನು ಎಲ್ಲರೂ ಒಂದೇ ವಾರದಲ್ಲಿ ಬಿತ್ತಿದ್ದರಿಂದ ಕಾವಲಿನ ರಾತ್ರಿಗಳೂ ಕಡಿಮೆಯಾದವು.

ಎಲ್ಲರಿಗೂ ಒಳ್ಳೆಯದಾಗಲಿಲ್ಲ. ಒಪ್ಪದ ಮಾಲೀಕರ ಪೊದೆಗೆ ಅಂಟಿದಂತೆ ಎರಡು ಮನೆಯವರ ಹೊಲವಿದೆ. ಅವರ ನಷ್ಟ ಹಾಗೇ ಇದೆ. ಅವರಲ್ಲಿ ಒಬ್ಬರು ಹತ್ತಿ ಬಿಟ್ಟು ಹೊಗೆಸೊಪ್ಪಿಗೆ ಹೋಗುವ ಯೋಚನೆಯಲ್ಲಿದ್ದಾರೆ. ಇಲ್ಲಿಂದ ಹೊರಟ ಜಿಂಕೆಗಳಲ್ಲಿ ಒಂದಿಷ್ಟು ಪಕ್ಕದ ಊರಿನ ಜೋಳಕ್ಕೆ ಹೋಗಿವೆ. ಆ ಊರಿನವರು ಸಿಟ್ಟಿನಲ್ಲೇ ಬಂದರು, ಅದು ನ್ಯಾಯವಾದ ಸಿಟ್ಟು. ಕಾಡಂಚಿನಲ್ಲಿ ಒಂದು ಊರು ಮಾತ್ರ ಅಂಕೆ ಬಿಗಿ ಮಾಡಿದರೆ ಪಕ್ಕದ ಊರು ಅದರ ಬೆಲೆ ಕೊಡುತ್ತದೆ. ಈಗ ಎರಡೂ ಊರಿನವರು ಒಟ್ಟಿಗೆ ಕೂತು ಎಲ್ಲೆಲ್ಲಿ ಬೀಳು ಹೊಲವಿದೆ, ಮಾಲೀಕರು ಯಾರು, ಯಾವ ಕೊಳವೆಬಾವಿಯಲ್ಲಿ ಬೇಸಿಗೆಗೆ ನೀರಿರುತ್ತದೆ ಎಂದು ಪಟ್ಟಿ ಮಾಡುತ್ತಿದ್ದಾರೆ. ಒಪ್ಪದ ಮಾಲೀಕರನ್ನು ಮೈಸೂರಿನಲ್ಲಿ ಭೇಟಿಯಾಗಲು ಈ ಸಲ ಆ ಎರಡು ಮನೆಯ ಹೆಂಗಸರೇ ಹೋಗುತ್ತಾರಂತೆ. ಜೋಳ ಬಿತ್ತುವ ಮೊದಲು ಅದು ಆಗಬೇಕು.